ಕೊಲೆಯೇ ಇಲ್ಲದ ಪತ್ತೇದಾರಿ: ಸೇಯರ್ಸ್ ಅವರ ‘ಗಾಡಿ ನೈಟ್’ ಓದಿದವರು ಮಾತಾಡೋಣ ಬನ್ನಿ

ತುಂಗಾತೀರ (ಚರ್ಚೆ ಶುರು ಮಾಡಿದವರು)

ಹೆಣ ಬೀಳಬೇಕು, ಪತ್ತೇದಾರ ಬರಬೇಕು, ಕೊನೆಗೆ ಕೊಲೆಗಾರ ಸಿಕ್ಕಿಬೀಳಬೇಕು. ಪತ್ತೇದಾರಿ ಕಾದಂಬರಿ ಅಂದರೆ ನಮಗೆಲ್ಲ ಇದೇ ಲೆಕ್ಕ ಅಲ್ವಾ? ಇಂಗ್ಲಿಷ್ ಲೇಖಕಿ ಡೊರೊತಿ ಎಲ್. ಸೇಯರ್ಸ್ 1935ರಲ್ಲಿ ಬರೆದ ‘ಗಾಡಿ ನೈಟ್’ನಲ್ಲಿ ಒಂದು ಕೊಲೆಯೂ ಇಲ್ಲ. ಪುಸ್ತಕ ಮಾತ್ರ ದಪ್ಪ. ಆದರೂ ಈ ಸಲ ಮತ್ತೆ ಓದಿದಾಗ ಕೆಳಗಿಡಲು ಆಗಲಿಲ್ಲ.

ಓದದವರಿಗಾಗಿ ಕಥೆ ಸ್ವಲ್ಪ ಹೇಳುತ್ತೇನೆ. ಗುಟ್ಟು ಬಿಟ್ಟುಕೊಡುವುದಿಲ್ಲ.

ಹ್ಯಾರಿಯೆಟ್ ವೇನ್ ಪತ್ತೇದಾರಿ ಕಾದಂಬರಿ ಬರೆದು ಹೊಟ್ಟೆ ಹೊರೆಯುವವಳು. ಹಿಂದೆ ಅವಳ ಮೇಲೇ ಕೊಲೆ ಆರೋಪ ಬಂದಿತ್ತು. ಸತ್ತವನು ಅವಳ ಜೊತೆ ಮದುವೆಯಿಲ್ಲದೆ ಸಂಸಾರ ಮಾಡಿದ್ದ ಫಿಲಿಪ್ ಬಾಯ್ಸ್. ಗಲ್ಲಿಗೆ ಹೋಗಬೇಕಾಗಿದ್ದ ಅವಳನ್ನು ಉಳಿಸಿದ್ದು ಸೇಯರ್ಸ್ ಅವರ ಪತ್ತೇದಾರ ಲಾರ್ಡ್ ಪೀಟರ್ ವಿಮ್ಸಿ. ಅಲ್ಲಿಂದ ಐದು ವರ್ಷ ಅವನು ಮದುವೆಗೆ ಕೇಳುತ್ತಲೇ ಇದ್ದಾನೆ, ಇವಳು ಬೇಡ ಅನ್ನುತ್ತಲೇ ಇದ್ದಾಳೆ.

ಆಕ್ಸ್‌ಫರ್ಡ್‌ನಲ್ಲಿ ಅವಳು ಓದಿದ ಹೆಣ್ಣುಮಕ್ಕಳ ಕಾಲೇಜಿನ ಹೆಸರು ಶ್ರೂಸ್‌ಬರಿ. ಇದು ಲೇಖಕಿ ಕಟ್ಟಿದ ಕಾಲೇಜು. ಹಳೇ ವಿದ್ಯಾರ್ಥಿಗಳನ್ನೆಲ್ಲ ಕರೆದು ಕೊಡುವ ಔತಣಕ್ಕೆ ಅಲ್ಲಿ ‘ಗಾಡಿ’ ಅನ್ನುತ್ತಾರೆ. ಅಂಜುತ್ತಲೇ ಅಲ್ಲಿಗೆ ಹೋದ ಹ್ಯಾರಿಯೆಟ್‌ಗೆ ಅಂಗಳದಲ್ಲಿ ಒಂದು ಅಸಹ್ಯ ಚಿತ್ರ ಸಿಗುತ್ತದೆ. ತನ್ನ ಗೌನಿನ ತೋಳಿನೊಳಗೆ ಕೊಲೆಗಾತಿ ಎಂದು ಬೈದ ಚೀಟಿ ಸಿಗುತ್ತದೆ. ಕೆಲವು ತಿಂಗಳ ನಂತರ ಕಾಲೇಜಿನಿಂದಲೇ ಕರೆ ಬರುತ್ತದೆ. ಯಾರೋ ಕಾಲೇಜಿನ ತುಂಬ ಹೆಸರಿಲ್ಲದ ಬೈಗುಳದ ಪತ್ರ ಹಂಚುತ್ತಿದ್ದಾರೆ, ರಾತ್ರಿ ಹೊತ್ತು ವಸ್ತುಗಳನ್ನು ಹಾಳು ಮಾಡುತ್ತಿದ್ದಾರೆ, ಬಂದು ನೋಡು ಅಂತ. ಪೊಲೀಸರನ್ನು ಕರೆದರೆ ಪತ್ರಿಕೆಗಳಲ್ಲಿ ಬರುತ್ತದೆ. ಬಂದರೆ ಹೆಣ್ಣುಮಕ್ಕಳ ಓದನ್ನೇ ಆಡಿಕೊಳ್ಳಲು ಕಾದಿರುವವರಿಗೆ ಹಬ್ಬ.

ನನಗೆ ಅನಿಸುವುದು ಇಷ್ಟು. ಈ ಕಾದಂಬರಿಯಲ್ಲಿ ಅಧ್ಯಾಪಕಿಯರು ಗಂಟೆಗಟ್ಟಲೆ ಮಾತಾಡುತ್ತಾರೆ. ಓದಿಗೆ ನಿಷ್ಠೆ ಇರಬೇಕಾ, ಮನೆಯವರಿಗಾ? ಹೊಟ್ಟೆಪಾಡಿಗೆ ಸುಳ್ಳು ಹೇಳಬಹುದಾ? ಹೀಗೆ. ಜಾಸ್ತಿ ಜನ ಅದನ್ನು ಅಲಂಕಾರ ಅಂತ ಹಾರಿಸಿ ಓದುತ್ತಾರೆ. ನಿಜವಾಗಿ ಸುಳಿವು ಇರುವುದೇ ಆ ಮಾತುಗಳಲ್ಲಿ. ಅಪರಾಧಿ ಯಾಕೆ ಹಾಗೆ ಮಾಡಿದಳು ಅನ್ನುವುದೂ, ಹ್ಯಾರಿಯೆಟ್ ಮದುವೆಗೆ ಯಾಕೆ ಒಪ್ಪುತ್ತಿಲ್ಲ ಅನ್ನುವುದೂ ಒಂದೇ ಪ್ರಶ್ನೆಯ ಎರಡು ತುದಿ. ಒಗಟನ್ನೂ ವಿಚಾರವನ್ನೂ ಇಷ್ಟು ಬಿಗಿಯಾಗಿ ಹೆಣೆದ ಪತ್ತೇದಾರಿ ಕಾದಂಬರಿಯನ್ನು ನಾನು ಬೇರೆ ಓದಿಲ್ಲ.

ಓದಿದವರು ಏನಂತೀರಿ?

ಹಳೇ ಕಪಾಟು

ನಾನು ಅರ್ಧಕ್ಕೆ ಬಿಟ್ಟೆ. ಒಪ್ಪಿಕೊಳ್ಳುತ್ತೇನೆ, ಬರವಣಿಗೆ ಚೆನ್ನಾಗಿದೆ. ಆದರೆ ಮಿಸ್ ಇವರು, ಮಿಸ್ ಅವರು ಅಂತ ಒಂದು ಡಜನ್ ಅಧ್ಯಾಪಕಿಯರು ಒಟ್ಟಿಗೇ ಬಂದುಬಿಡುತ್ತಾರೆ. ಯಾರು ಇತಿಹಾಸ, ಯಾರು ಇಂಗ್ಲಿಷ್, ಯಾರು ಹಣಕಾಸು ನೋಡುವವರು ಅಂತ ನೆನಪಿಟ್ಟುಕೊಳ್ಳುವಷ್ಟರಲ್ಲಿ ಇನ್ನೊಂದು ಪತ್ರ ಬಂದಿರುತ್ತದೆ. ಜೊತೆಗೆ ಪ್ರತಿ ಅಧ್ಯಾಯದ ತಲೆಯಲ್ಲಿ ಹಳೇ ಇಂಗ್ಲಿಷ್ ಕವಿಗಳ ಸಾಲು, ನಡುನಡುವೆ ಲ್ಯಾಟಿನ್. ಪೀಟರ್ ವಿಮ್ಸಿ ಇದ್ದಾನೆ ಅಂತ ಕೈಗೆತ್ತಿಕೊಂಡಿದ್ದು. ಆ ಮನುಷ್ಯ ಬಹಳ ಹೊತ್ತು ಕಾಣಿಸುವುದೇ ಇಲ್ಲ.

ತುಂಗಾತೀರ

ಕಪಾಟು ಅವರೇ, ನಿಮ್ಮ ಕಷ್ಟ ನಿಜ. ಎಲ್ಲರನ್ನೂ ನೆನಪಿಟ್ಟುಕೊಳ್ಳಬೇಕಾಗಿಲ್ಲ. ಐದು ಜನ ಗೊತ್ತಿದ್ದರೆ ಸಾಕು.

ಡೀನ್ ಮಿಸ್ ಮಾರ್ಟಿನ್ ಚಟಪಟ ಮಾತಾಡುವ, ನಗಿಸುವ ಹೆಂಗಸು. ಮಿಸ್ ಲಿಡ್‌ಗೇಟ್ ಇಂಗ್ಲಿಷ್ ಅಧ್ಯಾಪಕಿ, ಯಾರ ಬಗ್ಗೆಯೂ ಕೆಟ್ಟದ್ದು ಯೋಚಿಸಲು ಬಾರದವರು. ಛಂದಸ್ಸಿನ ಮೇಲೆ ವರ್ಷಗಟ್ಟಲೆ ಒಂದು ಪುಸ್ತಕ ಬರೆಯುತ್ತಿದ್ದಾರೆ, ಕರಡಚ್ಚು ತಿದ್ದಿ ಮುಗಿಯುವುದೇ ಇಲ್ಲ. ಮಿಸ್ ಹಿಲ್ಯಾರ್ಡ್ ಇತಿಹಾಸದವರು, ಗಂಡಸರ ಮೇಲೆ ಸಿಟ್ಟು. ಮಿಸ್ ಬಾರ್ಟನ್ ಹೆಣ್ಣುಮಕ್ಕಳ ಸ್ಥಾನದ ಬಗ್ಗೆ ಪುಸ್ತಕ ಬರೆದವರು. ಕೊನೆಯದಾಗಿ ಮಿಸ್ ಡಿ ವೈನ್. ಹೊಸದಾಗಿ ಸಂಶೋಧನೆಗೆ ಬಂದವರು. ಕನ್ನಡಕ, ಹೇರ್‌ಪಿನ್ ಜಾರಿ ಬೀಳುವ ಕೂದಲು. ಸತ್ಯದ ವಿಷಯ ಬಂದರೆ ಮಾತ್ರ ಕಲ್ಲು.

ಪೀಟರ್ ವಿದೇಶಾಂಗ ಇಲಾಖೆಯ ಕೆಲಸಕ್ಕೆ ಯುರೋಪು ಸುತ್ತುತ್ತಿರುತ್ತಾನೆ. ಅವನು ಇಲ್ಲದಿರುವುದರಿಂದಲೇ ಹ್ಯಾರಿಯೆಟ್‌ಗೆ ತನ್ನ ತಲೆಯಿಂದ ಯೋಚಿಸುವ ಜಾಗ ಸಿಗುತ್ತದೆ. ಮೊದಲೇ ಬಂದಿದ್ದರೆ ಇದು ಅವನ ಕಾದಂಬರಿ ಆಗುತ್ತಿತ್ತು.

ಥೇಮ್ಸ್ ದಂಡೆ

ನಮಸ್ಕಾರ. ನಾನು ಮೂಲತಃ ಸಾಗರದ ಕಡೆಯವನು, ಈಗ ಇಂಗ್ಲೆಂಡಿನಲ್ಲಿದ್ದೇನೆ. ಆಕ್ಸ್‌ಫರ್ಡ್ ಇಲ್ಲಿಂದ ದೂರವಿಲ್ಲ. ಕಾದಂಬರಿ ಓದಿದ ಮೇಲೆ ಆ ಬೀದಿಗಳಲ್ಲಿ ಓಡಾಡಿದ್ದೇನೆ, ಹಾಗಾಗಿ ಜಾಗದ ಬಗ್ಗೆ ಎರಡು ಮಾತು.

ಶ್ರೂಸ್‌ಬರಿ ಕಾಲೇಜನ್ನು ಸೇಯರ್ಸ್ ಎಲ್ಲಿ ಕಟ್ಟಿದ್ದಾರೆ ಗೊತ್ತಾ? ಬೇಲಿಯಲ್ ಕಾಲೇಜಿನ ಕ್ರಿಕೆಟ್ ಮೈದಾನದ ಮೇಲೆ! ಪುಸ್ತಕದ ಶುರುವಿನಲ್ಲೇ ಅದಕ್ಕಾಗಿ ಬೇಲಿಯಲ್‌ನವರ ಕ್ಷಮೆಯನ್ನೂ ಕೇಳಿದ್ದಾರೆ. ಪೀಟರ್ ವಿಮ್ಸಿ ಓದಿದ ಕಾಲೇಜೂ ಅದೇ. ಆ ಮೈದಾನದ ಪಕ್ಕದ ಜೌವೆಟ್ ವಾಕ್‌ನಲ್ಲಿ ನಿಂತರೆ ಕಾದಂಬರಿಯ ಗೇಟು ಇಲ್ಲೇ ಎಲ್ಲೋ ಇರಬೇಕು ಅನಿಸುತ್ತದೆ. ಚೆರ್‌ವೆಲ್ ಹೊಳೆಯಲ್ಲಿ ಈಗಲೂ ಉದ್ದ ಕೋಲು ಹಿಡಿದು ಚಪ್ಪಟೆ ದೋಣಿ ನೂಕುತ್ತಾರೆ. ಪೀಟರ್ ದೋಣಿಯಲ್ಲಿ ನಿದ್ದೆ ಹೋದಾಗ ಹ್ಯಾರಿಯೆಟ್ ಅವನ ಮುಖ ನೋಡುತ್ತಾ ಕೂರುವ ದೃಶ್ಯ ಅಲ್ಲಿಯದು. ಕೊನೆಯ ದೃಶ್ಯ ನಡೆಯುವ ನ್ಯೂ ಕಾಲೇಜ್ ಲೇನ್ ಎತ್ತರದ ಗೋಡೆಗಳ ನಡುವಿನ ಇಕ್ಕಟ್ಟು ದಾರಿ.

ಆದರೆ ಶ್ರೂಸ್‌ಬರಿಯ ಉಸಿರೆಲ್ಲ ಸಾಮರ್‌ವಿಲ್ ಕಾಲೇಜಿನದು. 1879ರಲ್ಲಿ ಶುರುವಾದ ಹೆಣ್ಣುಮಕ್ಕಳ ಕಾಲೇಜು. ಸೇಯರ್ಸ್ ಹುಟ್ಟಿದ್ದೇ ಆಕ್ಸ್‌ಫರ್ಡ್‌ನಲ್ಲಿ, 1893ರಲ್ಲಿ. 1912ರಲ್ಲಿ ವಿದ್ಯಾರ್ಥಿವೇತನ ಪಡೆದು ಸಾಮರ್‌ವಿಲ್ ಸೇರಿದರು. 1915ರಲ್ಲಿ ಫ್ರೆಂಚ್‌ನಲ್ಲಿ ಮೊದಲ ದರ್ಜೆ ಬಂತು. ಪದವಿ ಮಾತ್ರ ಸಿಗಲಿಲ್ಲ! ಪರೀಕ್ಷೆ ಬರೆಯಬಹುದು, ಮೊದಲ ದರ್ಜೆ ಪಡೆಯಬಹುದು, ಪದವಿ ಕೇಳಬಾರದು. ಹೆಣ್ಣುಮಕ್ಕಳಿಗೆ ಅದಾಗಿತ್ತು ನಿಯಮ. 1920ರಲ್ಲಿ ನಿಯಮ ಬದಲಾದಾಗ ಮೊದಲು ಪದವಿ ಪಡೆದ ಹೆಂಗಸರಲ್ಲಿ ಸೇಯರ್ಸ್ ಒಬ್ಬರು. ಕೇಂಬ್ರಿಜ್ ಇನ್ನೂ ಹಿಂದೆ. ಅಲ್ಲಿ ಪೂರ್ತಿ ಪದವಿ ಸಿಕ್ಕಿದ್ದು 1948ರಲ್ಲಿ.

ಪದವಿ ಕೊಟ್ಟ ಮೇಲೂ ಹೊಟ್ಟೆಯುರಿ ನಿಲ್ಲಲಿಲ್ಲ. 1927ರಲ್ಲಿ ಆಕ್ಸ್‌ಫರ್ಡ್ ಹೆಣ್ಣುಮಕ್ಕಳ ಸಂಖ್ಯೆಗೆ ಮಿತಿ ಹಾಕಿತು. ಕಾದಂಬರಿ ಬರುವ ಹೊತ್ತಿಗೆ ಆ ಮಿತಿ ಜಾರಿಯಲ್ಲೇ ಇತ್ತು. ತುಂಗಾತೀರ ಅವರು ಹೇಳಿದ ‘ಪೊಲೀಸರನ್ನು ಕರೆಯಬಾರದು’ ಅನ್ನುವ ಹಟದ ಹಿಂದೆ ಇದೆಲ್ಲ ಇದೆ. ಒಂದು ಹಗರಣ ಆದರೆ ಸಾಕು, ನಾವು ಹೇಳಿರಲಿಲ್ವಾ ಅನ್ನುವವರು ಸಾಲಾಗಿ ನಿಂತಿದ್ದರು.

ಲೆಕ್ಚರರ್ ಅಮ್ಮ

ಥೇಮ್ಸ್ ದಂಡೆಯವರೇ, ಸಾಮರ್‌ವಿಲ್ ಹೆಸರು ಬಂದಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಸೇಯರ್ಸ್ ಅಲ್ಲಿಗೆ ಹೋಗುವ ಎಷ್ಟೋ ಮೊದಲು, 1889ರಲ್ಲೇ ನಮ್ಮ ದೇಶದ ಕಾರ್ನೀಲಿಯಾ ಸೊರಾಬ್ಜಿ ಆ ಕಾಲೇಜು ಸೇರಿದ್ದರು. ಆಕ್ಸ್‌ಫರ್ಡ್‌ನಲ್ಲಿ ಕಾನೂನು ಓದಿದ ಮೊದಲ ಹೆಣ್ಣುಮಗಳು. 1892ರಲ್ಲಿ ಕಾನೂನು ಪರೀಕ್ಷೆ ಪಾಸು ಮಾಡಿದರೂ ಪದವಿಗಾಗಿ 1920ರ ನಿಯಮ ಬರುವವರೆಗೆ ಕಾಯಬೇಕಾಯಿತು. ಮುಂದೆ ಇಂದಿರಾ ಗಾಂಧಿ ಕೂಡ ಅದೇ ಕಾಲೇಜಿನಲ್ಲಿ ಸ್ವಲ್ಪ ಕಾಲ ಓದಿದರು. 1978ರಲ್ಲಿ ನಮ್ಮ ಚಿಕ್ಕಮಗಳೂರಿನಿಂದ ಗೆದ್ದವರು ಅಂದರೆ ಇಲ್ಲಿಯ ಎಲ್ಲರಿಗೂ ಹತ್ತಿರವಾಗುತ್ತಾರೆ.

ಈಗ ಕಾದಂಬರಿಗೆ ಬರುತ್ತೇನೆ. ನಾನು ಕಾಲೇಜಿನಲ್ಲಿ ಪಾಠ ಮಾಡಿ ನಿವೃತ್ತಿಯಾದವಳು. ಇದರಲ್ಲಿ ನನ್ನ ಎದೆಗೆ ತಾಗಿದ್ದು ಮಿಸ್ ಲಿಡ್‌ಗೇಟ್ ಅವರ ಕರಡಚ್ಚು ಹಾಳಾಗುವ ಜಾಗ. ಕಂಪ್ಯೂಟರ್ ಇಲ್ಲದ ಕಾಲ. ಕೈಯಲ್ಲಿ ತಿದ್ದಿದ ಒಂದೇ ಪ್ರತಿ. ಅದರ ಮೇಲೆ ಮಸಿ ಸುರಿದು ಹರಿದು ಹಾಕುತ್ತಾರೆ. ಆ ಹೆಂಗಸು ಕಿರುಚಾಡುವುದಿಲ್ಲ, ಕೂತು ಮತ್ತೆ ತಿದ್ದಲು ಶುರು ಮಾಡುತ್ತಾರೆ. ರಕ್ತ ಕಾಣದಿದ್ದರೂ ನನಗೆ ಅದು ಕೊಲೆಯಷ್ಟೇ ಕ್ರೂರ ಅನಿಸಿತು. ಬೇರೆ ಪತ್ತೇದಾರಿ ಕಥೆಗಳಲ್ಲಿ ಮೂರನೇ ಹೆಣ ಬಿದ್ದಾಗಲೂ ಇಷ್ಟು ಸಂಕಟ ಆಗಿರಲಿಲ್ಲ.

ಹೊಸ ಗ್ರಂಥಾಲಯದ ಉದ್ಘಾಟನೆ ನಾಳೆ ಅನ್ನುವಾಗ ರಾತ್ರಿ ಅದನ್ನು ಧ್ವಂಸ ಮಾಡುವುದು, ಪ್ರಾರ್ಥನಾ ಮಂದಿರದಲ್ಲಿ ಗೌನು ತೊಡಿಸಿದ ಗೊಂಬೆಯನ್ನು ನೇಣಿಗೆ ಹಾಕುವುದು, ಪರೀಕ್ಷೆಯ ಒತ್ತಡದಲ್ಲಿದ್ದ ಒಬ್ಬ ಹುಡುಗಿಗೆ ದಿನವೂ ಪತ್ರ ಕಳಿಸಿ ಅವಳನ್ನು ಹೊಳೆಗೆ ಹಾರುವವರೆಗೆ ತಳ್ಳುವುದು. ಅವಳನ್ನು ಉಳಿಸುತ್ತಾರೆ, ಆದರೆ ಆ ಪುಟ ಓದುವಾಗ ಉಸಿರು ಕಟ್ಟುತ್ತದೆ. ಹಾಸ್ಟೆಲ್ ವಾರ್ಡನ್ ಕೆಲಸ ಮಾಡಿದವರಿಗೆ ಆ ಭಯ ಗೊತ್ತು.

ಇನ್ನೊಂದು ವಿಷಯ. ದಿನ ಕಳೆದ ಹಾಗೆ ಅಧ್ಯಾಪಕಿಯರು ಒಬ್ಬರನ್ನೊಬ್ಬರು ಅನುಮಾನದಿಂದ ನೋಡತೊಡಗುತ್ತಾರೆ. ಊಟದ ಮೇಜಿನಲ್ಲಿ ಮಾತು ಚುಚ್ಚತೊಡಗುತ್ತದೆ. ಮದುವೆಯಾಗದ ಹೆಂಗಸರು ಹೀಗೇ ಆಗುತ್ತಾರೆ ಅಂತ ಜಗತ್ತು ಹೇಳುವುದನ್ನು ಅವರೇ ಒಳಗೊಳಗೆ ನಂಬತೊಡಗುತ್ತಾರೆ. ಹ್ಯಾರಿಯೆಟ್ ಕೂಡ! ಓದಿದ ಹೆಂಗಸಿನ ತಲೆ ಕೆಟ್ಟಿರಬೇಕು ಅನ್ನುವ ಊಹೆ ಅವಳ ಕಣ್ಣು ಕಟ್ಟಿಬಿಡುತ್ತದೆ.

ಹುಬ್ಬಳ್ಳಿ ಹುಡುಗ

ಮೇಡಂ, ಮೇಲಿನ ಮಾತು ಓದಿ ಮೈ ಜುಮ್ ಅಂತು. ನಾನು ನಿನ್ನೆಯಷ್ಟೇ ಮುಗಿಸಿದೆ. ಗುಟ್ಟಿನ ಬಗ್ಗೆ ಬಿಚ್ಚಿ ಮಾತಾಡಬಹುದಾ? ಸುಳಿವುಗಳನ್ನು ಸರಿಯಾಗಿ ಕೊಟ್ಟಿದ್ದಾರಾ ಅನ್ನುವುದು ನನ್ನ ಪ್ರಶ್ನೆ. ಸೇಯರ್ಸ್ 1930ರಲ್ಲಿ ಶುರುವಾದ, ಪತ್ತೇದಾರಿ ಲೇಖಕರ ಡಿಟೆಕ್ಷನ್ ಕ್ಲಬ್ಬಿನವರು. ಓದುಗರಿಂದ ಸುಳಿವು ಮುಚ್ಚಿಡಬಾರದು ಅಂತ ಪ್ರಮಾಣ ಮಾಡಿಸುತ್ತಿದ್ದ ಕ್ಲಬ್ಬು ಅದು. ಆ ಮಾತಿಗೆ ಇಲ್ಲಿ ನಿಂತಿದ್ದಾರಾ?

ತುಂಗಾತೀರ

ಸರಿ. ಇಲ್ಲಿಂದ ಮುಂದೆ ಗುಟ್ಟು ರಟ್ಟಾಗುತ್ತದೆ. ಓದದವರು ದಯವಿಟ್ಟು ಇಲ್ಲಿಗೇ ನಿಲ್ಲಿಸಿ. ಪುಸ್ತಕ ಮುಗಿಸಿ ಬನ್ನಿ.

ಅಪರಾಧಿ ಆನಿ ವಿಲ್ಸನ್. ಕಾಲೇಜಿನಲ್ಲಿ ಕೋಣೆ ಗುಡಿಸಿ, ಊಟ ಬಡಿಸುವ ಕೆಲಸದವಳು. ಇಬ್ಬರು ಹೆಣ್ಣುಮಕ್ಕಳಿರುವ ವಿಧವೆ. ಅವಳ ಗಂಡ ಆರ್ಥರ್ ರಾಬಿನ್ಸನ್ ಇತಿಹಾಸದಲ್ಲಿ ಪ್ರಬಂಧ ಬರೆದಿದ್ದ. ಬರೆಯುವಾಗ ತನ್ನ ವಾದವನ್ನೇ ಉರುಳಿಸುವ ಒಂದು ಹಳೇ ಪತ್ರ ಅವನ ಕೈಗೆ ಸಿಕ್ಕಿತ್ತು. ಅದನ್ನು ಬಚ್ಚಿಟ್ಟ. ಆ ಪತ್ರವನ್ನು ಮೊದಲೇ ನೋಡಿದ್ದ ಮಿಸ್ ಡಿ ವೈನ್ ಗುಟ್ಟು ಹಿಡಿದರು. ಅವನ ಪದವಿ ಹೋಯಿತು, ಕೆಲಸ ಹೋಯಿತು, ಕುಡಿತ ಬಂತು, ಕೊನೆಗೆ ಗುಂಡು ಹಾರಿಸಿಕೊಂಡು ಸತ್ತ. ಡಿ ವೈನ್ ಶ್ರೂಸ್‌ಬರಿಗೆ ಬಂದ ಮೇಲೆಯೇ ಪತ್ರಗಳ ಕಾಟ ಶುರು.

ಹುಬ್ಬಳ್ಳಿ ಹುಡುಗರೇ, ಸುಳಿವುಗಳು ಎದುರಿಗೇ ಇವೆ. ಮೊದಲನೆಯದು ಕಾಲ. ಯಾರು ಹೊಸದಾಗಿ ಬಂದರು, ಕಾಟ ಯಾವಾಗ ಶುರುವಾಯಿತು ಅಂತ ಜೋಡಿಸಿ ನೋಡಿದರೆ ಸಾಕು. ಎರಡನೆಯದು ಆನಿಯ ಮಾತು. ಇಷ್ಟೊಂದು ಹೆಂಗಸರು ಮದುವೆಯಾಗದೆ ಒಟ್ಟಿಗೆ ಬದುಕುವುದು ಸಹಜವಲ್ಲ ಅಂತ ಅವಳೇ ಹ್ಯಾರಿಯೆಟ್‌ಗೆ ಹೇಳುತ್ತಾಳೆ. ನಾವು ಪಾಪ, ಹಳೇ ಕಾಲದವಳು ಅಂತ ಮುಂದೆ ಹೋಗುತ್ತೇವೆ. ಮೂರನೆಯದು ಮಗಳು. ದೊಡ್ಡವಳಾದ ಮೇಲೆ ಮೋಟರ್‌ಸೈಕಲ್ ಓಡಿಸುತ್ತೇನೆ, ಗ್ಯಾರೇಜ್ ಇಡುತ್ತೇನೆ ಅಂತ ಆ ಪುಟ್ಟ ಹುಡುಗಿ ಅಂದಾಗ ತಾಯಿ ತಕ್ಷಣ ಅದನ್ನು ತಳ್ಳಿಹಾಕುತ್ತಾಳೆ. ನಗು ಬರಿಸುವ ಸಣ್ಣ ದೃಶ್ಯ. ಪೂರ್ತಿ ಕಾರಣ ಅದರಲ್ಲೇ ಇದೆ.

ಇವುಗಳಿಗೆ ಅಡ್ಡವಾಗಿ ನಿಲ್ಲುವುದು ಗೊಂಬೆಗೆ ಸಿಕ್ಕಿಸಿದ ಲ್ಯಾಟಿನ್ ಸಾಲುಗಳು. ಹೆಣ್ಣಿನ ಮುಖದ ರಾಕ್ಷಸ ಹಕ್ಕಿಗಳ ಬಗ್ಗೆ ರೋಮನ್ ಕವಿ ವರ್ಜಿಲ್ ಬರೆದದ್ದು. ಲ್ಯಾಟಿನ್ ಅಂದ ಕೂಡಲೇ ಎಲ್ಲರ ಕಣ್ಣು ಅಧ್ಯಾಪಕಿಯರ ಮೇಲೆ. ಕೆಲಸದವಳ ಗಂಡ ಓದಿದವನಾಗಿರಬಹುದು ಅಂತ ಯಾರ ತಲೆಗೂ ಹೊಳೆಯುವುದಿಲ್ಲ.

ಮತ್ತೆ ಆ ಊಟದ ನಂತರದ ಚರ್ಚೆ ಇದೆಯಲ್ಲ, ಪೀಟರ್ ಅತಿಥಿಯಾಗಿ ಬಂದಾಗ ನಡೆಯುವುದು. ನನ್ನ ಮಟ್ಟಿಗೆ ಇಡೀ ಪುಸ್ತಕದ ಎತ್ತರದ ಜಾಗ ಅದೇ. ಸಿ.ಪಿ. ಸ್ನೋ ಬರೆದ, ಆಗಷ್ಟೇ ಬಂದಿದ್ದ ‘ದ ಸರ್ಚ್’ ಕಾದಂಬರಿಯ ಮಾತು ಬರುತ್ತದೆ. ಒಬ್ಬ ವಿಜ್ಞಾನಿ ಸುಳ್ಳು ಫಲಿತಾಂಶ ಕೊಟ್ಟರೆ, ಅವನಿಗೆ ಹೆಂಡತಿ ಮಕ್ಕಳಿದ್ದರೆ, ಗೊತ್ತಿದ್ದವರು ಬಾಯಿ ಬಿಡಬೇಕಾ ಬೇಡವಾ? ಒಬ್ಬೊಬ್ಬ ಅಧ್ಯಾಪಕಿ ಒಂದೊಂದು ಉತ್ತರ ಕೊಡುತ್ತಾರೆ. ಮಿಸ್ ಡಿ ವೈನ್ ಹೆಸರು ಹೇಳದೆ ಹಳೇ ಘಟನೆ ಹೇಳುತ್ತಾರೆ. ಸುಮ್ನೆ ಹರಟೆ ಅನಿಸುತ್ತದೆ. ಪೀಟರ್‌ಗೆ ಬೇಕಾಗಿದ್ದು ಅದೇ. ಅವನು ಮಾತನ್ನು ನಯವಾಗಿ ಅತ್ತ ತಿರುಗಿಸುತ್ತಾನೆ, ಉಳಿದವರು ತಾವಾಗಿ ಎಲ್ಲ ಹೇಳುತ್ತಾರೆ. ಬೇರೆ ಕಾದಂಬರಿಗಳಲ್ಲಿ ಪತ್ತೇದಾರ ಬೂಟಿನ ಗುರುತು ಅಳೆಯುತ್ತಾನೆ. ಇಲ್ಲಿ ಒಂದು ನೈತಿಕ ಪ್ರಶ್ನೆ ಇಟ್ಟು ಉತ್ತರಗಳನ್ನು ಅಳೆಯುತ್ತಾನೆ.

ಮಳೆಗಾಲದ ಓದು

ತುಂಗಾತೀರ ಅವರ ಮಾತಿನ ಅರ್ಧ ಒಪ್ಪುತ್ತೇನೆ. ಇನ್ನರ್ಧಕ್ಕೆ ನನ್ನ ತಕರಾರು ಇದೆ, ಬಲವಾಗಿಯೇ ಇದೆ.

ಇಡೀ ಕಾಲೇಜಿನಲ್ಲಿ ಅಪರಾಧಿ ಆಗಿ ಸಿಕ್ಕಿದ್ದು ಯಾರು? ನೆಲ ಒರೆಸುವವಳು. ಓದಿದ ಹೆಂಗಸರೆಲ್ಲ ಅನುಮಾನದಿಂದ ಪಾರಾಗಿ ತಲೆ ಎತ್ತಿ ನಿಲ್ಲುತ್ತಾರೆ. ಹೆಣ್ಣುಮಕ್ಕಳ ಓದಿನ ಮಾನ ಉಳಿಯಿತು, ಸರಿ. ಆ ಮಾನ ಉಳಿಸಲು ಒಬ್ಬ ಬಡ ವಿಧವೆಯ ತಲೆ ಬೇಕಾಯಿತು. ಅವಳಿಗೆ ಆ ಕಾಲೇಜಿನಲ್ಲಿ ಹೆಸರು ಬರೀ ‘ಆನಿ’. ಉಳಿದವರೆಲ್ಲ ‘ಮಿಸ್’. ಸಿಕ್ಕಿಬಿದ್ದ ಮೇಲೆ ಅವಳನ್ನು ವೈದ್ಯರ ಕೈಗೆ ಒಪ್ಪಿಸುತ್ತಾರೆ, ಕಥೆ ಮುಂದಕ್ಕೆ ಹೋಗುತ್ತದೆ. ಮೋಟರ್‌ಸೈಕಲ್ ಕನಸಿನ ಆ ಹುಡುಗಿಯ ಗತಿ ಏನು? ಅವಳ ತಂಗಿಯದು? ಕಾದಂಬರಿಗೆ ಅದು ಮುಖ್ಯ ಅನಿಸಿದ ಹಾಗೆ ಕಾಣುವುದಿಲ್ಲ. ನನಗೆ ಮುಖ್ಯ.

ಈ ಕೋಪ ನನ್ನೊಬ್ಬಳದೇ ಅಲ್ಲ. ಪುಸ್ತಕ ಬಂದ ಹೊಸದರಲ್ಲೇ, 1936ರಲ್ಲಿ, ಜಾರ್ಜ್ ಆರ್ವೆಲ್ ಇದರ ವಿಮರ್ಶೆ ಬರೆದರು. ಶ್ರೀಮಂತ ಲಾರ್ಡ್‌ನ ಮೇಲಿನ ಈ ಮೋಹ ಅವರಿಗೆ ಹಿಡಿಸಲಿಲ್ಲ. 1937ರಲ್ಲಿ ವಿಮರ್ಶಕಿ ಕ್ಯೂ.ಡಿ. ಲೀವಿಸ್ ‘ಸ್ಕ್ರುಟಿನಿ’ ಪತ್ರಿಕೆಯಲ್ಲಿ ಇನ್ನೂ ಖಾರವಾಗಿ ಬರೆದರು. ಇದು ಆಕ್ಸ್‌ಫರ್ಡ್ ಬಗ್ಗೆ ಸುಳ್ಳು ಕನಸು ಮಾರುವ ಪುಸ್ತಕ ಅನ್ನುವುದು ಅವರ ವಾದದ ಸಾರ. ಲೀವಿಸ್ ಸ್ವತಃ ಕೇಂಬ್ರಿಜ್‌ನಲ್ಲಿ ಓದಿದ ಹೆಂಗಸು. ವಿಶ್ವವಿದ್ಯಾಲಯದ ಒಳಗಿನ ರಾಜಕೀಯ, ಸಣ್ಣತನ ಎಲ್ಲ ಕಂಡವರು. ಅವರ ಮಾತನ್ನು ಸುಲಭವಾಗಿ ತಳ್ಳಿಹಾಕಲು ಆಗುವುದಿಲ್ಲ.

ಒಗಟಿನ ಹೆಣಿಗೆ ಚೆನ್ನಾಗಿದೆ. ಆದರೆ ಆ ಹೆಣಿಗೆಗೆ ಯಾರು ಬೆಲೆ ಕೊಟ್ಟರು ಅಂತಲೂ ಕೇಳಬೇಕು.

ಲೆಕ್ಚರರ್ ಅಮ್ಮ

ಮಳೆಗಾಲದ ಓದು, ನಿನ್ನ ಪ್ರಶ್ನೆ ಸರಿಯಾಗಿಯೇ ಇದೆಯಮ್ಮ. ನನಗೂ ಆ ಮಕ್ಕಳ ಚಿಂತೆ ಬಂತು. ಆದರೆ ಆನಿ ಕೊನೆಯಲ್ಲಿ ಎಲ್ಲರ ಮುಂದೆ ಸಿಡಿಯುವ ಆ ಪುಟಗಳನ್ನು ಇನ್ನೊಂದು ಸಲ ಓದು.

ಸೇಯರ್ಸ್ ಅವಳ ಬಾಯಿ ಕಟ್ಟಿಲ್ಲ. ಅಧ್ಯಾಪಕಿಯರೆಲ್ಲ ಕೂತಿರುವ ಕೋಣೆಯಲ್ಲಿ ಅವಳು ಒಬ್ಬಳೇ ನಿಂತು ಅವರ ಮುಖಕ್ಕೆ ಉಗಿಯುತ್ತಾಳೆ. ಯಾವುದೋ ಹಳೇ ಕಾಗದಕ್ಕಾಗಿ ನನ್ನ ಗಂಡನನ್ನು ಕೊಂದಿರಿ, ಆ ಕಾಗದದಿಂದ ಯಾರ ಹೊಟ್ಟೆ ತುಂಬಿತು ಅನ್ನುವ ಅರ್ಥದ ಮಾತು. ಅದಕ್ಕೆ ಯಾರ ಬಳಿಯೂ ಥಟ್ಟನೆ ಉತ್ತರ ಇಲ್ಲ. ಓದುತ್ತಿರುವ ನಮ್ಮ ಬಳಿಯೂ ಇಲ್ಲ. ತನ್ನ ಪಕ್ಷ ಗೆಲ್ಲಲೇಬೇಕು ಅಂತ ಬರೆಯುವ ಲೇಖಕಿ ಎದುರಿನವಳಿಗೆ ಇಷ್ಟು ಬಲ ಕೊಡುವುದಿಲ್ಲ.

ಆಮೇಲೆ ಮಿಸ್ ಡಿ ವೈನ್ ಏನು ಹೇಳುತ್ತಾರೆ ನೋಡು. ಸತ್ಯ ಹೊರಗೆ ತಂದಿದ್ದಕ್ಕೆ ಅವರಿಗೆ ಪಶ್ಚಾತ್ತಾಪ ಇಲ್ಲ. ಆದರೆ ಆ ಮನುಷ್ಯ ಆಮೇಲೆ ಏನಾದ, ಅವನ ಮನೆಯವರು ಹೇಗೆ ಬದುಕಿದರು ಅಂತ ತಾನು ವಿಚಾರಿಸಲೇ ಇಲ್ಲವಲ್ಲ ಅಂತ ಅವರು ತಮ್ಮನ್ನೇ ದೂರಿಕೊಳ್ಳುತ್ತಾರೆ. ಸತ್ಯ ಹೇಳುವುದು ಕರ್ತವ್ಯ. ಹೇಳಿದ ಮೇಲೆ ಕೈ ತೊಳೆದುಕೊಂಡು ಹೋಗಬಹುದಾ? ಅದನ್ನು ಕಾದಂಬರಿ ತೆರೆದೇ ಇಟ್ಟಿದೆ. ನಾನು ಕೆಲಸದಲ್ಲಿದ್ದಾಗ ನಕಲು ಮಾಡಿದ ಪ್ರಬಂಧಗಳನ್ನು ತಡೆದು ಕಳಿಸಿದ್ದೇನೆ. ತಡೆಯಬೇಕಾಗಿತ್ತು, ತಡೆದೆ. ಆ ಹುಡುಗರ ಮುಖ ಈಗಲೂ ನೆನಪಿದೆ. ಡಿ ವೈನ್ ಮಾತು ಓದುವಾಗ ಪುಸ್ತಕ ಮಡಚಿ ಸ್ವಲ್ಪ ಹೊತ್ತು ಕೂತಿದ್ದೆ.

ಮಳೆಗಾಲದ ಓದು

ಅಮ್ಮ, ಆನಿಯ ಮಾತಿಗೆ ಬಲ ಇದೆ ಅನ್ನುವುದನ್ನು ಒಪ್ಪಿದೆ. ಅವಳ ಮಾತು ಓದುವಾಗ ನನಗೂ ಗಂಟಲು ಕಟ್ಟಿತು. ಬಲ ಕೊಟ್ಟು ಆಮೇಲೆ ಹುಚ್ಚಿ ಅಂತ ಪಕ್ಕಕ್ಕಿಟ್ಟರು ಅನ್ನುವುದೇ ನನ್ನ ನೋವು. ಅದು ಮಾತ್ರ ಹೋಗುವುದಿಲ್ಲ.

ಥೇಮ್ಸ್ ದಂಡೆ

ಈ ಚರ್ಚೆಯ ನಡುವೆ ಕಾಲದ ಬಗ್ಗೆ ಒಂದು ಮಾತು ನೆನಪಿಸುತ್ತೇನೆ. 1935. ಜರ್ಮನಿಯಲ್ಲಿ ಹಿಟ್ಲರ್ ಬಂದು ಎರಡು ವರ್ಷ. ಹೆಣ್ಣಿನ ಜಾಗ ಮಕ್ಕಳು, ಅಡುಗೆಮನೆ, ಚರ್ಚು ಅಷ್ಟೇ ಅನ್ನುವ ಘೋಷಣೆ ಆಗ ಜೋರಾಗಿತ್ತು. ಕಾದಂಬರಿಯಲ್ಲಿ ಮಿಸ್ ಬಾರ್ಟನ್ ಪುಸ್ತಕ ಬರೆದಿರುವುದೇ ಅದರ ವಿರುದ್ಧ. ಇನ್ನೊಂದು ಕಡೆ ಕಾಲೇಜಿನ ದ್ವಾರಪಾಲಕ ಪ್ಯಾಜೆಟ್, ಒಳ್ಳೆಯ ಮನುಷ್ಯನೇ, ಮೇಸ್ತ್ರಿ ಜೊತೆ ಮಾತಾಡುತ್ತಾ ಈ ದೇಶಕ್ಕೂ ಒಬ್ಬ ಹಿಟ್ಲರ್ ಬೇಕು ಅನ್ನುತ್ತಾನೆ. ಹುಡುಗಿಯರನ್ನು ಮನೆಯಲ್ಲಿಡಲು ಅಂತ ಮೇಸ್ತ್ರಿ ದನಿಗೂಡಿಸುತ್ತಾನೆ! ಆಗ ಓದಿದವರು ನಕ್ಕಿರಬಹುದು. ಮುಂದೆ ನಡೆದದ್ದು ಗೊತ್ತಿರುವ ನಮಗೆ ನಗು ಬರುವುದಿಲ್ಲ.

ಹಾಗಾಗಿ ಆನಿಯ ಸಿಟ್ಟು ಅವಳ ಮನೆಯ ದುಃಖ ಮಾತ್ರ ಅಲ್ಲ. ಹೆಂಗಸರು ಗಂಡಸರ ಕೆಲಸ ಕಿತ್ತುಕೊಂಡರು ಅನ್ನುವ ಆ ಕಾಲದ ದೊಡ್ಡ ಕೂಗು ಅವಳ ಬಾಯಲ್ಲಿ ಬರುತ್ತದೆ. ಬಡತನ ಆ ಕೂಗಿಗೆ ಹೇಗೆ ಸಿಕ್ಕಿಬೀಳುತ್ತದೆ ಅನ್ನುವುದನ್ನು ಸೇಯರ್ಸ್ ಕಂಡಿದ್ದರು ಅಂತ ನನ್ನ ಅಭಿಪ್ರಾಯ.

ಹುಬ್ಬಳ್ಳಿ ಹುಡುಗ

ನನಗೆ ಇನ್ನೊಂದು ಅನುಮಾನ. ಪ್ರೇಮದ ಭಾಗ ಬೇಕಿತ್ತಾ? ಒಗಟು ಬಿಡಿಸಿದ ಮೇಲೂ ಪುಟಗಳು ಉಳಿದಿವೆ. ಅಲ್ಲಿ ಪೀಟರ್ ಸ್ವಲ್ಪ ಅತಿಯಾಗಿ ಒಳ್ಳೆಯವನು ಅನಿಸಿತು. ದುಡ್ಡಿದೆ, ಹಳೇ ಕವಿತೆ ಬರುತ್ತದೆ, ಕುಸ್ತಿ ಬರುತ್ತದೆ, ದೋಣಿ ಬರುತ್ತದೆ. ಬಾರದ್ದೇ ಇಲ್ಲ!

ತುಂಗಾತೀರ

ಪೀಟರ್ ಬಗ್ಗೆ ನಿಮ್ಮ ಮಾತು ನ್ಯಾಯವಾಗಿದೆ. ಆದರೆ ಪ್ರೇಮದ ಭಾಗ ತೆಗೆದರೆ ಕಾದಂಬರಿಯೇ ಕುಸಿಯುತ್ತದೆ.

ಹ್ಯಾರಿಯೆಟ್‌ಗೆ ಏನು ಭಯ? ಮದುವೆಯಾದರೆ ತನ್ನ ಕೆಲಸ, ತನ್ನ ತಲೆ, ತನ್ನ ಹೆಸರು ಎಲ್ಲ ಗಂಡನದ್ದಾಗುತ್ತದೆ ಅಂತ. ಪ್ರಾಣ ಉಳಿಸಿದವನ ಋಣ ಬೇರೆ. ಋಣದ ಮೇಲೆ ಮದುವೆ ನಿಲ್ಲುವುದಿಲ್ಲ ಅಂತ ಅವಳಿಗೆ ಚೆನ್ನಾಗಿ ಗೊತ್ತು. ಆನಿ ಗಂಡನಿಗಾಗಿ ಸತ್ಯವನ್ನೇ ಬಿಸಾಡಲು ತಯಾರಿದ್ದಳು. ಪ್ರೀತಿ ಅಂದರೆ ಅದೇ ಆದರೆ ಹ್ಯಾರಿಯೆಟ್‌ಗೆ ಪ್ರೀತಿ ಬೇಡ. ಅದಕ್ಕೇ ಎರಡು ಎಳೆ ಒಂದೇ ಅಂತ ಮೊದಲೇ ಹೇಳಿದ್ದು.

ಪೀಟರ್ ಅವಳ ಮನಸ್ಸು ಗೆಲ್ಲುವುದು ಕುಸ್ತಿಯಿಂದ ಅಲ್ಲ. ಅವಳು ಬರೆಯುತ್ತಿರುವ ಕಾದಂಬರಿಯಲ್ಲಿ ವಿಲ್‌ಫ್ರಿಡ್ ಎಂಬ ಪಾತ್ರ ಇದೆ. ಒಗಟಿಗೆ ಸರಿಯಾಗಿ ಕೂರುತ್ತದೆ, ಜೀವ ಇಲ್ಲ. ಪೀಟರ್ ನೇರವಾಗಿ ಹೇಳುತ್ತಾನೆ: ಅವನಿಗೆ ನಿಜವಾದ ಮನುಷ್ಯನ ಮನಸ್ಸು ಕೊಡು. ಹಾಗೆ ಬರೆದರೆ ತನಗೇ ನೋವಾಗುತ್ತದೆ ಅಂತ ಅವಳು ಅಂದಾಗ, ಪುಸ್ತಕ ಚೆನ್ನಾಗಿ ಬರುವುದಾದರೆ ನೋವಾದರೇನು ಅನ್ನುತ್ತಾನೆ. ಪ್ರೀತಿಸುವವನು ಆಡುವ ಮಾತಾ ಇದು? ಹ್ಯಾರಿಯೆಟ್‌ಗೆ ಮೊದಲು ಸಿಟ್ಟು ಬರುತ್ತದೆ. ಆಮೇಲೆ ಅರ್ಥವಾಗುತ್ತದೆ: ಇವನು ತನ್ನ ಕೆಲಸವನ್ನು ತನ್ನಷ್ಟೇ ಗೌರವದಿಂದ ನೋಡುತ್ತಾನೆ.

ಅಪಾಯದ ವಿಷಯದಲ್ಲೂ ಹಾಗೆ. ಕುತ್ತಿಗೆ ಹಿಸುಕುವವರಿಂದ ತಪ್ಪಿಸಿಕೊಳ್ಳಲು ಅವಳಿಗೆ ನಾಯಿಯ ಪಟ್ಟಿ ಕೊಡಿಸುತ್ತಾನೆ, ಹೊಡೆದಾಡಲು ಕಲಿಸುತ್ತಾನೆ. ಕಾಲೇಜು ಬಿಟ್ಟು ಬಾ ಅನ್ನುವುದಿಲ್ಲ. ಬಾಯಿಗೆ ಬಂದರೂ ಹೇಳುವುದಿಲ್ಲ.

ಸೇಯರ್ಸ್ ಬದುಕು ನೋಡಿದರೆ ಇದೆಲ್ಲ ಎಲ್ಲಿಂದ ಬಂತು ಅಂತ ಕಾಣುತ್ತದೆ. ಲಂಡನ್ನಿನ ಬೆನ್ಸನ್ಸ್ ಜಾಹೀರಾತು ಸಂಸ್ಥೆಯಲ್ಲಿ 1922ರಿಂದ 1931ರವರೆಗೆ ದುಡಿದವರು. ಜಾನ್ ಕೂರ್ನೋಸ್ ಎಂಬ ಬರಹಗಾರನನ್ನು ಪ್ರೀತಿಸಿದ್ದರು. ಮದುವೆಯಲ್ಲಿ ನಂಬಿಕೆ ಇಲ್ಲ ಅಂದವನು ಆಮೇಲೆ ಬೇರೊಬ್ಬರನ್ನು ಮದುವೆಯಾದ. ಫಿಲಿಪ್ ಬಾಯ್ಸ್ ಪಾತ್ರದಲ್ಲಿ ಅವನ ನೆರಳಿದೆ. 1924ರಲ್ಲಿ ಬೇರೆ ಸಂಬಂಧದಿಂದ ಒಬ್ಬ ಮಗ ಹುಟ್ಟಿದ. ಅವನನ್ನು ಸೋದರ ಸಂಬಂಧಿಯ ಬಳಿ ಬೆಳೆಸಿದರು, ತಂದೆ ತಾಯಿಗೂ ಹೇಳಲಿಲ್ಲ. ತಲೆಗೂ ಹೃದಯಕ್ಕೂ ನಡುವಿನ ಜಗಳ ಅವರಿಗೆ ಪುಸ್ತಕದಲ್ಲಿ ಓದಿ ಬಂದದ್ದಲ್ಲ. 1934ರಲ್ಲಿ ಸಾಮರ್‌ವಿಲ್‌ನವರು ತಮ್ಮ ಔತಣದಲ್ಲಿ ಮಾತಾಡಲು ಕರೆದರು. ಮರುವರ್ಷ ಈ ಕಾದಂಬರಿ ಬಂತು.

ಕೊನೆಯಲ್ಲಿ ಪೀಟರ್ ಮತ್ತೆ ಕೇಳುತ್ತಾನೆ. ಇಬ್ಬರೂ ಗೌನಿನಲ್ಲಿದ್ದಾರೆ. ಜರ್ಮನ್ ಸಂಗೀತಗಾರ ಬಾಕ್ ರಚಿಸಿದ, ಎರಡು ಪಿಟೀಲುಗಳು ಸಮಸಮವಾಗಿ ನುಡಿಯುವ ಸಂಗೀತ ಕೇಳಿ ಬಂದಿದ್ದಾರೆ. ಅವನು ಕೇಳುವುದು ವಿಶ್ವವಿದ್ಯಾಲಯದ ಸಭೆಯಲ್ಲಿ ಒಪ್ಪಿಗೆ ಕೇಳುವ ಲ್ಯಾಟಿನ್ ಮಾತಿನಲ್ಲಿ. ಒಬ್ಬ ಪದವೀಧರೆಯನ್ನು ಇನ್ನೊಬ್ಬ ಪದವೀಧರ ಕೇಳುವ ರೀತಿ. ಅವಳು ಅದೇ ಲ್ಯಾಟಿನ್‌ನಲ್ಲಿ ಒಪ್ಪುತ್ತಾಳೆ. 1920ಕ್ಕೆ ಮೊದಲು ಆಗಿದ್ದರೆ ಅವನು ಹಾಗೆ ಕೇಳಲು ಆಗುತ್ತಲೇ ಇರಲಿಲ್ಲ!

ಹುಬ್ಬಳ್ಳಿ ಹುಡುಗ

ಎರಡು ಪಿಟೀಲಿನ ವಿಷಯ ನಾನು ಗಮನಿಸಿರಲೇ ಇಲ್ಲ. ಆ ಅಧ್ಯಾಯ ಇವತ್ತು ರಾತ್ರಿ ಮತ್ತೆ ಓದುತ್ತೇನೆ.

ಹಳೇ ಕಪಾಟು

ಗುಟ್ಟೆಲ್ಲ ಓದಿಬಿಟ್ಟೆ, ತಡೆಯಲು ಆಗಲಿಲ್ಲ. ಆದರೂ ಈಗ ಪುಸ್ತಕ ಮತ್ತೆ ತೆಗೆಯಬೇಕು ಅನಿಸಿದೆ. ಆ ಊಟದ ನಂತರದ ಚರ್ಚೆ ಓದಲೇಬೇಕು. ಇದಕ್ಕಿಂತ ಮೊದಲಿನ ಪುಸ್ತಕಗಳನ್ನು ಓದಿಕೊಂಡು ಬರಬೇಕಾ? ಯಾವ ಕ್ರಮದಲ್ಲಿ?

ಲೆಕ್ಚರರ್ ಅಮ್ಮ

ಹ್ಯಾರಿಯೆಟ್ ಬರುವ ಕಾದಂಬರಿ ನಾಲ್ಕು. ‘ಸ್ಟ್ರಾಂಗ್ ಪಾಯ್ಸನ್’ 1930, ‘ಹ್ಯಾವ್ ಹಿಸ್ ಕಾರ್ಕಸ್’ 1932, ‘ಗಾಡಿ ನೈಟ್’ 1935, ‘ಬಸ್‌ಮನ್ಸ್ ಹನಿಮೂನ್’ 1937. ಮೊದಲನೆಯದನ್ನು ಮಾತ್ರ ತಪ್ಪದೆ ಓದಿ. ಅವಳ ವಿಚಾರಣೆಯ ಕಥೆ ಅದು. ಕೋರ್ಟಿನಲ್ಲಿ ನ್ಯಾಯಾಧೀಶರು ಜ್ಯೂರಿಗೆ ಪ್ರಕರಣ ವಿವರಿಸುವುದರಿಂದ ಶುರುವಾಗುತ್ತದೆ. ಅವಳು ಆಗ ಕಟಕಟೆಯಲ್ಲಿ ಮೌನವಾಗಿ ನಿಂತಿರುತ್ತಾಳೆ. ಅದನ್ನು ಓದಿದ್ದರೆ ಶ್ರೂಸ್‌ಬರಿಯ ಗೇಟಿನ ಮುಂದೆ ಅವಳಿಗೆ ಯಾಕಷ್ಟು ಅಂಜಿಕೆ ಅಂತ ಗೊತ್ತಾಗುತ್ತದೆ. ಎರಡನೆಯದು ಸಮುದ್ರ ದಂಡೆಯಲ್ಲಿ ಸಿಗುವ ಹೆಣದ ಕಥೆ, ಒಗಟು ಇಷ್ಟಪಡುವವರಿಗೆ ಒಳ್ಳೆಯದು, ಬಿಟ್ಟರೂ ನಡೆಯುತ್ತದೆ.

ಓದಲು ಕಷ್ಟವಾದರೆ 1987ರಲ್ಲಿ ಬಿಬಿಸಿ ಮೊದಲ ಮೂರನ್ನೂ ಟೀವಿಗೆ ಮಾಡಿತ್ತು. ಹ್ಯಾರಿಯೆಟ್ ವಾಲ್ಟರ್ ಎಂಬ ನಟಿಯೇ ಹ್ಯಾರಿಯೆಟ್ ಆಗಿದ್ದಾರೆ, ತುಂಬ ಚೆನ್ನಾಗಿ ಮಾಡಿದ್ದಾರೆ. ಆದರೆ ಅದನ್ನು ಪುಸ್ತಕದ ನಂತರ ನೋಡಿ. ಅಧ್ಯಾಪಕಿಯರ ಮಾತು ಪೂರ್ತಿ ಸಿಗುವುದು ಪುಸ್ತಕದಲ್ಲೇ.

ಮಳೆಗಾಲದ ಓದು

ಕಪಾಟು ಅವರೇ, ಓದುವಾಗ ಆನಿ ಬರುವ ಪುಟಗಳಿಗೆಲ್ಲ ಒಂದು ಗುರುತು ಹಾಕಿಕೊಳ್ಳಿ. ಅವಳು ತಟ್ಟೆ ಎತ್ತುವಾಗ, ಬಾಗಿಲು ತೆರೆಯುವಾಗ, ಮಕ್ಕಳ ಬಗ್ಗೆ ಹೇಳುವಾಗ. ಮುಗಿಸಿದ ಮೇಲೆ ಇಲ್ಲಿಗೇ ಬನ್ನಿ. ನನ್ನ ತಕರಾರು ಸರಿಯೋ ಅಮ್ಮನ ಮಾತು ಸರಿಯೋ ನೀವೇ ಹೇಳಿ.